ಬುಡಭದ್ರ

ಮೊದಲ ಮಳೆ ಬಿದ್ದ ಮೇಲೆ ದೇವನಕೊಂಡದ ಸೀಮೆಯ ಹೊಲಗಳಲ್ಲಿ ಯಾರೂ ಸುಮ್ಮಸುಮ್ಮನೆ ಬಗ್ಗಬಾರದು. ಪತ್ತಿಕೊಂಡ ದಾಟಿದರೆ ತುಗ್ಗಲಿ, ಜೊನ್ನಗಿರಿ. ಮುಂಗಾರು ನೆಲ ತೊಳೆದು ಹೋದದ್ದೇ ತಡ, ಅಲ್ಲಿ ವಜ್ರ ಹುಡುಕುವವರ ಜಾತ್ರೆ. ದೂರದೂರದಿಂದ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಹೊಲದ ಬದುವಿನಲ್ಲೇ ಉಂಡು ಮಲಗುತ್ತಾರೆ. ಇಂಥ ಕಡೆ ಇಸ್ತ್ರಿ ಪ್ಯಾಂಟಿನ ಯುವಕನೊಬ್ಬ ಮೊಣಕಾಲೂರಿ ಕೂತು, ಕಲ್ಲೊಂದನ್ನು ಹೆಕ್ಕಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ತಲೆದೂಗಿ ಡಬ್ಬಿಗೆ ಹಾಕಿಕೊಂಡರೆ ಊರು ತೆಪ್ಪಗಿದ್ದೀತೇ? ಎಡಕ್ಕೊಬ್ಬ ಬಗ್ಗಿದ. ಬಲಕ್ಕಿಬ್ಬರು ಬಗ್ಗಿದರು. ಕುರಿ ಕಾಯುವವನು ಕುರಿಗಳನ್ನು ದೇವರಿಗೆ ಬಿಟ್ಟು ತಾನೂ ಬಗ್ಗಿದ. "ದೊರಿಕಿಂದಾ?" ಅಂತ ತೆಲುಗಿನಲ್ಲಿ ಒಬ್ಬ, "ಏನ್ ಸಿಕ್ತೋ ತಮ್ಮಾ?" ಅಂತ ಕನ್ನಡದಲ್ಲಿ ಇನ್ನೊಬ್ಬ.

"ಬಂಡೆ ಸಿಕ್ತು" ಅಂದ ನಮ್ಮವ.

ಅಂಗೈ ಬಿಚ್ಚಿ ತೋರಿಸಿದರೆ ಕಡಲೆಕಾಳಿನಷ್ಟು ದಪ್ಪದ ನಾಲ್ಕು ಕಲ್ಲು. ಅವನೇನೂ ಸುಳ್ಳು ಹೇಳಲಿಲ್ಲ. 28 ಮಿಲಿಮೀಟರ್ ಎತ್ತರದ ಸೈನಿಕನಿಗೆ ಕಡಲೆಕಾಳು ಮೊಣಕಾಲಿಗೆ ಬರುವ ಬಂಡೆಯೇ.

ಇವನೇ ಬುಡಭದ್ರ. ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹೊತ್ತು ಬೆಂಗಳೂರಿನಿಂದ ಊರಿಗೆ ಬಂದ ತಲೆಮಾರಿನವನು. ಜತೆಗೊಂದು ಚಟವನ್ನೂ ತಂದ: ಮೇಜಿನ ಮೇಲೆ ಪುಟ್ಟ ಸೈನ್ಯ ಹೂಡಿ ದಾಳ ಉರುಳಿಸುತ್ತ ಆಡುವ ಯುದ್ಧದಾಟ. ಆಡುವುದಕ್ಕೆ ಇನ್ನೊಬ್ಬ ಬೇಕು, ಆ ಇನ್ನೊಬ್ಬ ಬೆಂಗಳೂರಿನಲ್ಲೇ ಉಳಿದ. ಹಾಗಾಗಿ ಆಟ ನಿಂತಿತು, ತಯಾರಿ ನಿಲ್ಲಲಿಲ್ಲ. "ಇದೆಲ್ಲ ಹುಡುಗಾಟ" ಎಂದು ಯಾರಾದರೂ ಬಾಯಿ ತೆರೆದರೆ ಉತ್ತರ ತಯಾರಿದೆ: ಎಚ್. ಜಿ. ವೆಲ್ಸ್‌ನಂಥ ಕಾದಂಬರಿಕಾರ 1913ರಲ್ಲಿ ಗೊಂಬೆ ಸೈನಿಕರ ಯುದ್ಧಕ್ಕೆ ನಿಯಮ ಬರೆದು 'ಲಿಟಲ್ ವಾರ್ಸ್' ಎಂಬ ಪುಸ್ತಕವನ್ನೇ ಹೊರತಂದಿದ್ದ. "ಅವಗ ಬ್ಯಾರೆ ಕೆಲಸ ಇರಲಿಲ್ಲೇನು?" ಎಂದು ಅವ್ವ ಕೇಳುತ್ತಾಳೆ. ಅದಕ್ಕೆ ಮಾತ್ರ ಉತ್ತರ ತಯಾರಿಲ್ಲ.

ಸೈನಿಕ ನಿಲ್ಲಬೇಕಾದರೆ ಕಾಲಡಿ ದುಂಡನೆಯ ಬಿಲ್ಲೆ ಬೇಕು. ಅಗಲ 25 ಮಿಲಿಮೀಟರ್, ಹತ್ತು ರೂಪಾಯಿ ನಾಣ್ಯಕ್ಕಿಂತ ಕೂದಲೆಳೆ ಚಿಕ್ಕದು. ಉಳಿದವರು ಅದಕ್ಕೆ ಒಂದಿಷ್ಟು ಗೋಂದು ಬಳಿದು ಮರಳು ಉದುರಿಸಿ ಸೈನಿಕನನ್ನು ಯುದ್ಧಕ್ಕೆ ಕಳಿಸುತ್ತಾರೆ. ಬುಡಭದ್ರನಿಗೆ ಅದು ಪಾಪಕಾರ್ಯ. ನೆಲವೆಂದರೆ ನೆಲದ ಹಾಗೇ ಇರಬೇಕು. ನೆಲಕ್ಕೆ ಕಾರ್ಕ್ ಬೇಕು. ಕಾರ್ಕು ದೇವನಕೊಂಡದಲ್ಲಿ ಎಲ್ಲಿ ಸಿಗಬೇಕು?

ಮೊದಲು ಹೋದದ್ದು ಅಜ್ಜನ ಕಾಲದ ಥರ್ಮಾಸ್ ಫ್ಲಾಸ್ಕಿನ ಬಿರಡೆ. ಆಮೇಲೆ ತಂಗಿಯ ಮಗನ ಷಟಲ್‌ಕಾಕುಗಳು ಒಂದೊಂದೇ ತಲೆ ಕಳೆದುಕೊಂಡು ಬರೀ ಗರಿಗಳಾಗಿ ಉಳಿದವು. ಕೊನೆಗೆ ಆದೋನಿಗೇ ಹೊರಟ. ಲೋಕವೆಲ್ಲ ಹತ್ತಿಗೆಂದು ಹೋಗುವ ಊರಿಗೆ ಕಾರ್ಕಿಗೆಂದು ಹೋದವನು ಅವನೊಬ್ಬನೇ ಇರಬೇಕು. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಇಂಜಿನ್ ಎಣ್ಣೆ ಸೋರದಂತೆ ಹಾಕುವ ಕಾರ್ಕ್ ಗ್ಯಾಸ್ಕೆಟ್ ಹಾಳೆ ಸಿಗುತ್ತದೆ. "ಯಾವ ಗಾಡಿಗೆ? ಮಹೀಂದ್ರಾನಾ, ಸ್ವರಾಜಾ?" ಎಂದ ಅಂಗಡಿಯವನು. "ಗಾಡಿಗಲ್ಲ, ಬೆಟ್ಟಕ್ಕೆ" ಎಂದ ಇವನು. ಅಂಗಡಿಯವನು ಮುಂಗಡವಾಗಿಯೇ ಹಣ ಎಣಿಸಿಕೊಂಡ. ತಂದ ಹಾಳೆ ಮಾತ್ರ ಕೈಕೊಟ್ಟಿತು. ಅದರಲ್ಲಿ ರಬ್ಬರ್ ಬೆರೆತಿರುತ್ತದೆ. ಹರಿದರೆ ಬಂಡೆ ಸೀಳಿದ ಹಾಗೆ ಕಾಣುವುದಿಲ್ಲ, ಚಪ್ಪಲಿ ಕಿತ್ತ ಹಾಗೆ ಕಾಣುತ್ತದೆ. ಅಪ್ಪಟ ಕಾರ್ಕನ್ನು ಅಂಚೆಯಲ್ಲಿ ತರಿಸುವವರೆಗೆ ಅವನಿಗೆ ಅನ್ನ ಸೇರಲಿಲ್ಲ.

ಅವನು ಬಿಲ್ಲೆ ಕಟ್ಟುವುದನ್ನು ಕೂತು ನೋಡಬೇಕು. ಕಾರ್ಕಿಗೆ ಕತ್ತರಿ ತಾಗಿಸುವ ಹಾಗಿಲ್ಲ. ಅಂಚನ್ನು ಉಗುರಿನಿಂದ ಚಿವುಟಿ ಚಿವುಟಿ ಮುರಿಯಬೇಕು. ಹಾಗೆ ಮುರಿದಾಗಲೇ ಕಾಳುಕಾಳಾದ ಬಂಡೆಯ ಮುಖ ಏಳುತ್ತದೆ. ಒಂದರ ಮೇಲೊಂದು ಎರಡು ತುಂಡು ಓರೆಯಾಗಿ ಅಂಟಿಸಿದರೆ ಮೆಟ್ಟಿಲು ಬಂಡೆ. ಸಂದಿಗೆ ಫೆವಿಕಾಲ್, ಅದರ ಮೇಲೆ ಅವ್ವನ ಹಿಟ್ಟಿನ ಜರಡಿಯಲ್ಲಿ ಸೋಸಿದ ಕೆಂಪು ಮಣ್ಣು. (ಜರಡಿ ಈಗ ಅವ್ವನದಲ್ಲ.) ಕಾರ್ಕು ಬಣ್ಣ ಕುಡಿಯದ ಹಾಗೆ ನೀರು ಬೆರೆಸಿದ ಗೋಂದಿನ ಒಂದು ಕೈ. ಒಣಗಿದ ಮೇಲೆ ಪೂರ್ತಿ ಕಪ್ಪು. ಆಮೇಲೆ ಬೂದುಬಣ್ಣ ಅದ್ದಿದ ಕುಂಚವನ್ನು ಬಟ್ಟೆಗೆ ಒರೆಸಿ ಒರೆಸಿ, ಇನ್ನು ಬಣ್ಣವೇ ಉಳಿದಿಲ್ಲ ಅನ್ನುವಾಗ ಏಣುಗಳ ಮೇಲೆ ಹಗುರಕ್ಕೆ ಸವರುತ್ತಾನೆ. ಇದ್ದಕ್ಕಿದ್ದಂತೆ ಆ ಬಿಲ್ಲೆಯಲ್ಲಿ ನಮ್ಮ ಸೀಮೆಯ ಬೋಳುಗುಡ್ಡ ಮೂಡುತ್ತದೆ, ಬಿಸಿಲು ಸಮೇತ. ಆ ಗಳಿಗೆಯಲ್ಲಿ ಅವನನ್ನು ಗೇಲಿ ಮಾಡುವುದು ಕಷ್ಟ. ಕಷ್ಟಪಟ್ಟೇ ಮಾಡಬೇಕು.

"ಮತ್ತ ಸೈನಿಕ?" ಎಂದರೆ, "ಆತುರ ಯಾಕ?" ಎನ್ನುತ್ತಾನೆ. ಪೋರ್ಚುಗಲ್‌ನ ಕಾರ್ಕ್ ಓಕ್ ಮರದ ಕಥೆ ಶುರು. ಮರಕ್ಕೆ ಸುಮಾರು 25 ವರ್ಷವಾಗುವ ತನಕ ತೊಗಟೆ ಮುಟ್ಟುವ ಹಾಗಿಲ್ಲ. ಒಮ್ಮೆ ಸುಲಿದರೆ ಮುಂದಿನ ಸುಲಿಗೆಗೆ 9 ವರ್ಷ ಕಾಯಬೇಕು. ಲೆಕ್ಕ ತಪ್ಪದಿರಲೆಂದು ಸುಲಿದ ವರ್ಷದ ಅಂಕಿಯನ್ನು ಮರದ ಮೇಲೇ ಬರೆದಿರುತ್ತಾರೆ. ಸೀಸೆಗೆ ಯೋಗ್ಯವಾದ ಬಿರಡೆ ಬರುವುದು ಮೂರನೆಯ ಸುಲಿಗೆಗೆ. "ಅಷ್ಟು ವರ್ಷ ಮರ ಕಾದೈತಿ, ನಾನು ನಾಕು ತಿಂಗಳು ಕಾಯಬಾರದೇನು?" ಎನ್ನುತ್ತಾನೆ. ಮರ ಕಾದಿದೆ, ನಿಜ. ಆದರೆ ಮರಕ್ಕೆ ಮದುವೆ ಮಾಡಬೇಕೆಂದು ಯಾರೂ ಹೆಣ್ಣು ನೋಡುತ್ತಿರಲಿಲ್ಲ.

ಸೈನಿಕರು ಕೊಂಡ ಪೆಟ್ಟಿಗೆಯಲ್ಲೇ ಇದ್ದಾರೆ, ಅಚ್ಚಿನಿಂದ ಬಂದ ಚೌಕಟ್ಟಿನಿಂದ ಇನ್ನೂ ಕೈಕಾಲು ಬಿಡಿಸಿಕೊಳ್ಳದೆ. ಕಪಾಟಿನಲ್ಲಿ ಮಾತ್ರ ಸಾಲುಸಾಲು ಬಿಲ್ಲೆ: ಕರಿಮಣ್ಣಿನ ಎರೆಹೊಲ, ಶೇಂಗಾ ಕಿತ್ತ ಮಡಿ, ಬತ್ತಿದ ಹಳ್ಳ. ಅಪ್ಪ ದಿನಾ ಬೆಳಿಗ್ಗೆ ಕೈಗೆ ಸಿಕ್ಕ ಒಂದನ್ನು ತೆಗೆದು ಅದರ ಮೇಲೆ ಚಹಾ ಲೋಟ ಇಡುತ್ತಾರೆ. "ಎಷ್ಟು ಬಿಸಿ ಇಟ್ಟರೂ ಮೇಜಿಗೆ ಕಲೆ ಆಗಂಗಿಲ್ಲ ನೋಡು" ಎಂದು ಬಂದವರ ಮುಂದೆ ಮಗನ ಕೈಚಳಕವನ್ನು ಹೊಗಳುತ್ತಾರೆ. ಮಗ ಕುದಿಯುತ್ತಾನೆ.

ಕಳೆದ ದಸರೆಗೆ ಅವ್ವ ಗೊಂಬೆ ಕೂರಿಸುವಾಗ, "ಹೆಂಗೂ ಗುಡ್ಡ ಮಾಡ್ತೀಯಲ್ಲ, ನನಗೂ ಒಂದು ಮಾಡಿಕೊಡು" ಅಂದಳು. ಬುಡಭದ್ರ ದೇವರಗಟ್ಟನ್ನೇ ಎತ್ತಿಕೊಂಡ. ವಿಜಯದಶಮಿಯ ರಾತ್ರಿ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಊರೂರುಗಳ ಜನ ದೊಣ್ಣೆ, ಪಂಜು ಹಿಡಿದು ಬಡಿದಾಡುವ ಗುಡ್ಡವದು. ಕಾರ್ಕಿನ ಹನ್ನೊಂದು ಪದರ, ಮೆಟ್ಟಿಲು, ಗುಡಿ, ಜಾಲಿಗಿಡ, ದಾರಿಯ ಧೂಳು ಸಮೇತ ಎಲ್ಲ ಬಂತು. ಜನ ಮಾತ್ರ ಇಲ್ಲ. ನೋಡಲು ಬಂದವರಲ್ಲಿ ಒಬ್ಬರು ಬಂದೋಬಸ್ತಿನ ಡ್ಯೂಟಿ ಮಾಡಿದ ಪೊಲೀಸಿನವರು. ಗುಡ್ಡದ ಸುತ್ತ ಒಂದು ಸುತ್ತು ಬಂದರು, ಬಗ್ಗಿ ಇಣುಕಿದರು, ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು.

"ಜನರನ್ನ ಯಾವಾಗ ಇಡ್ತೀಯಪ್ಪಾ?"

"ನೆಲ ಇನ್ನೂ ಪೂರ್ತಿ ಒಣಗಿಲ್ಲ ಸಾರ್."

"ಒಣಗಿಸಬ್ಯಾಡ" ಅಂದರು ಅವರು. "ಹಿಂಗೇ ಇರಲಿ. ಮುಂದಿನ ವರ್ಷ ನಮ್ಮ ಸಾಹೇಬರನ್ನ ಕರಕೊಂಡು ಬರ್ತೀನಿ."