ಆರೋಗ್ಯವಂತ ಯಜಮಾನರು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥ ಯಜಮಾನರೊಬ್ಬರು ಸಿಗುತ್ತಾರೆ. ಕೈಯಲ್ಲಿ ಕಾಸಿಲ್ಲ ಎಂದು ಜಪ್ಪಯ್ಯ ಅಂದರೂ ಒಪ್ಪುವವರಲ್ಲ. ಬೆಲೆ ಏರಿದಂತೆಲ್ಲ ಅವರಿಗೆ ಆರೋಗ್ಯದ ಕಾಳಜಿ ಏರುತ್ತದೆ, ಅಷ್ಟೆ.

ಅಂಥವರೊಬ್ಬರ ಮನೆ ರಾಜಾಜಿನಗರದ ಹಿಂದಿನ ಗಲ್ಲಿಯಲ್ಲಿ, ಕೆಲಸ ಚಿಕ್ಕಪೇಟೆಯ ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು. 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಹೆಚ್ಚಿದ್ದೇ ತಡ, ಹಾರ್ಟಿಗೆ ನಡಿಗೆಯಂಥ ಮದ್ದಿಲ್ಲ ಎಂಬುದು ಅವರಿಗೆ ಹೊಳೆಯಿತು. ಮೆಟ್ರೊದಲ್ಲಾದರೂ ಹೋಗಬಹುದಲ್ಲ ಎಂದರೆ, ಫೆಬ್ರವರಿಯಲ್ಲಿ ಅದರ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹಾರಿತು. ಸುರಂಗದ ಗಾಳಿ ಮೈಗೆ ಆಗದು ಎಂದುಬಿಟ್ಟರು. ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಸಂಜೆಯ ಕಾಫಿ ಹೋಗಿ ಶುಂಠಿ ಕಷಾಯ ಬಂತು. ತೆಂಗಿನಕಾಯಿ ದುಬಾರಿಯಾದಾಗ ಚಟ್ನಿಗೆ ಬರೀ ಹುರಿಗಡಲೆ.

"ಕೊಲೆಸ್ಟ್ರಾಲ್ ಕಣೇ, ಕಾಯಿ ಒಳ್ಳೇದಲ್ಲ."

"ಅಂಗಡಿಯವನು ರೇಟು ಹೇಳಿದ ಮೇಲೆ ಬಂತೇನ್ರೀ ಕೊಲೆಸ್ಟ್ರಾಲು?"

ಗೃಹಜ್ಯೋತಿಯಿಂದ ಕರೆಂಟ್ ಬಿಲ್ ಸೊನ್ನೆ ಬರುತ್ತದಾದ್ದರಿಂದ ಫ್ಯಾನಿನ ಗಾಳಿ ಮಾತ್ರ ಅವರ ಮೈಗೆ ಬಹಳ ಚೆನ್ನಾಗಿ ಒಗ್ಗುತ್ತದೆ.

ಇಷ್ಟೆಲ್ಲ ವೈದ್ಯವೂ ಜೂನ್ ತಿಂಗಳಲ್ಲಿ ಕೈಕೊಡುತ್ತದೆ. ಮಗನ ಸ್ಕೂಲ್ ಫೀಸಿಗೆ ಪಥ್ಯವಿಲ್ಲ. ಎರಡು ದಿನ ಮಾತಿಲ್ಲದೆ ಓಡಾಡಿದವರು, ಮೂರನೆಯ ದಿನ ಹೆಂಡತಿಯ ಸರವನ್ನು ದಿಟ್ಟಿಸಿ, "ಅಷ್ಟು ಭಾರ ಹೊತ್ತರೆ ಕುತ್ತಿಗೆ ನೋವು ಬರತ್ತೆ ನೋಡು" ಎಂದರು. ಆಕೆ ಮರುಮಾತಾಡದೆ ಸರ ಬಿಚ್ಚಿಕೊಟ್ಟರು. ಗಿರವಿ ಅಂಗಡಿಯ ದಾರಿ ಆ ಸರಕ್ಕೇ ಗೊತ್ತು.

ನಿಜ ಹೇಳಬೇಕೆಂದರೆ ಸಂಸಾರ ನಡೆಯುತ್ತಿರುವುದು ಯಜಮಾನರ ಪಥ್ಯದಿಂದಲ್ಲ. ಶಕ್ತಿ ಯೋಜನೆಯ ಪುಕ್ಕಟೆ ಬಸ್ಸಿನಲ್ಲಿ ಆ ತಾಯಿ ಮಾರ್ಕೆಟ್ಟಿಗೆ ಹೋಗಿ ವಾರದ ತರಕಾರಿ ತರುತ್ತಾರೆ. ಗೃಹಲಕ್ಷ್ಮಿಯ 2,000 ರೂಪಾಯಿ, ಬಂದಾಗ, ಚೀಟಿಗೆ. ಬಾರದ ತಿಂಗಳು ಅಕ್ಕಪಕ್ಕದವರ ಸೀರೆಗೆ ಫಾಲ್ ಹಾಕಿ, ಕುಚ್ಚು ಕಟ್ಟಿ ಆ ಕಂತು ತುಂಬುತ್ತಾರೆ. ಯಜಮಾನರು ಈ ಲೆಕ್ಕವನ್ನೆಲ್ಲ ಬಲ್ಲರು; ಲೆಕ್ಕ ಬರೆಯುವವರಲ್ಲವೇ. ಆದರೆ ಅದನ್ನು ಬಾಯಿಬಿಟ್ಟು ಹೇಳುವುದು ಅವರ ಬಿ.ಪಿ.ಗೆ ಒಳ್ಳೆಯದಲ್ಲ.

ದಾರಿಯಲ್ಲಿ ಸಿಕ್ಕರೆ "ಯಾಕೆ ಇಷ್ಟು ಸೊರಗಿದ್ದೀರಿ?" ಎಂದು ಮಾತ್ರ ಕೇಳಬೇಡಿ. "ಎಷ್ಟು ಫಿಟ್ ಆಗಿದ್ದೀರಿ ಸಾರ್!" ಅನ್ನಿ. ನಿಮಗೂ ಖರ್ಚಿಲ್ಲ, ಅವರಿಗೂ ಖರ್ಚಿಲ್ಲ.