ಹಾಗಾದರೆ ಮಗು?

ಬನಶಂಕರಿ ಎರಡನೇ ಹಂತದ ನಮ್ಮ ಕಡೆ ಎದೆಮಟ್ಟದ ಕಾಂಪೌಂಡು ಗೋಡೆ ಇರುವ ಹಳೇ ಮನೆಗಳು ಇನ್ನೂ ಕೆಲವು ಉಳಿದಿವೆ. ಮಿಕ್ಕ ಸೈಟುಗಳಲ್ಲಿ ನಾಲ್ಕು ಮಹಡಿ ಎದ್ದಿದೆ, ಅಲ್ಲಿಯವರಿಗೆ ಲಿಫ್ಟಿನಲ್ಲಿ ಸಿಕ್ಕಾಗಷ್ಟೇ ಮಾತು. ನಮ್ಮ ಗೋಡೆ ಉಳಿದಿರುವುದರಿಂದ ಬೆಳಿಗ್ಗೆ ದಾಸವಾಳ ಬಿಡಿಸುವ ಹೊತ್ತಿಗೆ ಪಕ್ಕದ ಮನೆ ಅಕ್ಕ ಆ ಕಡೆ, ನಾನು ಈ ಕಡೆ. ಕಾವೇರಿ ನೀರು ಎಷ್ಟು ಹೊತ್ತಿಗೆ ಬಂತು, ಸಾರಕ್ಕಿ ಮಾರ್ಕೆಟ್ಟಲ್ಲಿ ಅವರೆಕಾಯಿ ಎಷ್ಟು, ನಿನ್ನೆ ಧಾರಾವಾಹಿಯಲ್ಲಿ ಏನಾಯ್ತು ಎಂದು ಶುರುವಾದ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೋ ಹೇಳುವಂತಿಲ್ಲ.

ಮೊನ್ನೆ ಅಕ್ಕ ಹೂವಿನ ಬುಟ್ಟಿ ಗೋಡೆ ಮೇಲಿಟ್ಟು ದನಿ ತಗ್ಗಿಸಿದರು. "ಗೊತ್ತಾಯ್ತೇನ್ರೀ? ನಿಮ್ಮ ಹಿಟ್ಟಿನ ಹುಡುಗಿ ಮದುವೆ ಆಗ್ತಾಳಂತೆ."

"ಹೌದು ಅಕ್ಕ, ನಂಗೂ ಹೇಳಿದಳು. ಒಳ್ಳೇದಾಯ್ತಲ್ಲ."

"ಒಳ್ಳೇದೇ. ನಾನೇನೂ ಬೇಡ ಅನ್ನೋಲ್ಲ. ಹಾಗಾದರೆ ಮಗು?"

ಅಕ್ಕ ಕೆಟ್ಟವರಲ್ಲ. ನಮ್ಮ ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಗಂಜಿ ಹೋಗುವುದು ಅವರ ಮನೆಯಿಂದಲೇ. ಆದರೆ ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಹೆಂಡತಿ ತೀರಿಕೊಂಡ ಗಂಡಸು ವರ್ಷದೊಳಗೆ ಮತ್ತೆ ಹಸೆಮಣೆ ಏರಿದರೆ ನಾವು "ಪಾಪ, ಮಕ್ಕಳಿಗೆ ತಾಯಿ ಬೇಕಿತ್ತು" ಎನ್ನುತ್ತೇವೆ. ಅಲ್ಲಿ ಮದುವೆಗೆ ಮಗುವೇ ಕಾರಣ. ಅದೇ ಹೆಣ್ಣಾದರೆ ಮದುವೆಗೆ ಮಗುವೇ ಅಡ್ಡಿ. ಎರಡೂ ಕಡೆ ಇರುವುದು ಮಗುವೇ ತಾನೆ?

ಹಿಟ್ಟಿನ ಹುಡುಗಿ ಎಂದರೆ ನಮ್ಮ ಹಿಂದಿನ ಬೀದಿಯಲ್ಲಿ, ಮೂರನೇ ಮಹಡಿಯ ಮೇಲಿನ ಶೀಟು ಹೊದಿಸಿದ ರೂಮಿನಲ್ಲಿರುವವಳು. ಗಂಡ ಟ್ಯಾಕ್ಸಿ ಓಡಿಸುತ್ತಿದ್ದ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಹೋಗಿಬಿಟ್ಟ. ಆಗ ಮಗಳಿಗೆ ಎಲ್‌ಕೆಜಿ ವಯಸ್ಸು. ಅತ್ತೆ ಮಾವ ಮಾಗಡಿ ಕಡೆಯವರು, "ಊರಿಗೆ ಬಾ, ಇರೋದ್ರಲ್ಲಿ ಹಂಚ್ಕೊಂಡು ತಿನ್ನೋಣ" ಎಂದರಂತೆ. ಇವಳು ಮಗಳ ಸ್ಕೂಲು ತಪ್ಪಬಾರದೆಂದು ಇಲ್ಲೇ ಉಳಿದು ದೋಸೆ ಹಿಟ್ಟು ಮಾರಲು ಶುರುಮಾಡಿದಳು. ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಉದ್ದು, ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ಮಧ್ಯಾಹ್ನ ನೆನೆಹಾಕಬೇಕು, ಸಂಜೆ ರುಬ್ಬಬೇಕು, ರಾತ್ರಿ ಕವರಿಗೆ ತುಂಬಬೇಕು, ಏಳು ಗಂಟೆಯೊಳಗೆ ಅಂಗಡಿಗಳಿಗೆ ಮುಟ್ಟಿಸಿ ಬಂದು ಮಗಳಿಗೆ ಜಡೆ ಹೆಣೆಯಬೇಕು. ಡಿಸೆಂಬರಿನ ಚಳಿಯಲ್ಲಿ ಹಿಟ್ಟು ಉಬ್ಬುವುದಿಲ್ಲ, ಏಪ್ರಿಲ್ಲಿನ ಸೆಕೆಯಲ್ಲಿ ಬೆಳಗಾಗುವುದರೊಳಗೆ ಹುಳಿ. ಒಂದು ದಿನದ ಹಿಟ್ಟು ಕೆಟ್ಟರೆ ಬರೀ ಆ ದಿನದ ಲಾಭವಷ್ಟೇ ಹೋಗುವುದಿಲ್ಲ, ಮರುದಿನದ ಅಕ್ಕಿ ಉದ್ದಿನ ದುಡ್ಡೂ ಹೋಗುತ್ತದೆ. ವಿಧವಾ ವೇತನ, ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ ನಿಜ. ಈ ಊರಿನ ಬಾಡಿಗೆಗೆ ಅದು ಎಲ್ಲಿ ಸಾಲುತ್ತದೆ?

ಅವಳ ಬಾಳಿಗೆ ಈಗ ಮದುವೆಯಾಗಲಿರುವ ಮನುಷ್ಯ ಬಂದದ್ದು ಗ್ರೈಂಡರಿನ ದೆಸೆಯಿಂದ. ಅವಳೇ ನಮ್ಮ ಜಗಲಿ ಮೇಲೆ ಕೂತು ಹೇಳಿದ್ದು.

ಒಂದು ರಾತ್ರಿ ಉದ್ದು ಅರ್ಧ ರುಬ್ಬಿದೆ, ಗ್ರೈಂಡರ್ ನಿಂತಿತು. ಮೋಟಾರ್ ಗುಂಯ್ ಅನ್ನುತ್ತಿದೆ, ಪಾತ್ರೆ ತಿರುಗುತ್ತಿಲ್ಲ. ಮಿಕ್ಸಿ ರಿಪೇರಿ ಅಂಗಡಿಯವನು ಅಂಗಡಿ ಮುಚ್ಚಿ ಹೊರಟಿದ್ದವನು ಫೋನಿಗೆ ಓಗೊಟ್ಟು ಬಂದ. ಮೂರು ಮಹಡಿ ಹತ್ತಿ, ಗ್ರೈಂಡರ್ ಮಗುಚಿ, ಕೆಳಗಿನ ತಗಡು ಬಿಚ್ಚಿ ನೋಡಿದರೆ ಬೆಲ್ಟು ಕಿತ್ತುಹೋಗಿದೆ. ಅಳತೆಯ ಬೆಲ್ಟು ಚೀಲದಲ್ಲಿರಲಿಲ್ಲ. ಮತ್ತೆ ಇಳಿದು, ಅಂಗಡಿ ಬಾಗಿಲು ತೆಗೆದು ತಂದ. ಅಷ್ಟರಲ್ಲಿ ಹಿಟ್ಟು ಬಿಸಿಯಾಗಿ ಕೆಟ್ಟೀತೆಂದು ಇವಳು ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಇಳಿಸಿಟ್ಟಿದ್ದಳಂತೆ. ಮಗಳು ಮೊಬೈಲ್ ಟಾರ್ಚ್ ಹಿಡಿದು ಕೂತಳು. "ಬೆಲ್ಟ್ ಯಾಕೆ ಕಿತ್ತೋಯ್ತು ಅಂಕಲ್?" ಎಂದು ಕೇಳಿದ್ದಕ್ಕೆ ಅವನು ಕೈ ನಿಲ್ಲಿಸಿ, ಎರಡೂ ಚಕ್ರ ತೋರಿಸಿ, ಚಿಕ್ಕದು ದೊಡ್ಡದನ್ನು ಹೇಗೆ ತಿರುಗಿಸುತ್ತದೆಂದು ಬೆರಳಲ್ಲೇ ವಿವರಿಸಿದನಂತೆ. ಮಗುವಿನ ಪ್ರಶ್ನೆಗೆ ಉತ್ತರ ಕೊಟ್ಟಮೇಲೇ ಸ್ಕ್ರೂಡ್ರೈವರ್ ಮತ್ತೆ ಕೈಗೆ ತೆಗೆದುಕೊಂಡದ್ದು.

ಕೊನೆಗೆ ಎಷ್ಟು ಎಂದು ಕೇಳಿದಾಗ ಬೆಲ್ಟಿನದು ಇಷ್ಟು, ಕೂಲಿ ಇಷ್ಟು ಎಂದ. ಇವಳು ಎಣಿಸಿ ಕೊಟ್ಟಳು. ತೆಗೆದುಕೊಂಡು ಹೋದ.

"ಆಂಟಿ, ಒಂಟಿ ಹೆಂಗಸು ಅಂತ ಗೊತ್ತಾದ್ರೆ ಎಷ್ಟೋ ಜನ 'ದುಡ್ಡು ಬಿಡಿ, ಆಮೇಲೆ ನೋಡ್ಕೊಳ್ಳೋಣ' ಅಂತಾರೆ. ಇವರು ಅನ್ನಲಿಲ್ಲ. ಕೊಟ್ಟಿದ್ದು ತಗೊಂಡ್ರು. ನಂಗೆ ಧೈರ್ಯ ಬಂದಿದ್ದೇ ಅದಕ್ಕೆ" ಎಂದಳು.

ಈ ಮಾತನ್ನು ನಾನು ಅಕ್ಕನಿಗೆ ಹೇಳಿದೆ. ಅಕ್ಕ ಬಹಳ ಹೊತ್ತು ಏನೂ ಅನ್ನಲಿಲ್ಲ. ಕೂಲಿ ತೆಗೆದುಕೊಂಡದ್ದರಲ್ಲಿ ಪ್ರೀತಿ ಕಂಡವಳು ಎಷ್ಟು ಜನರ ಪುಕ್ಕಟೆ ಉಪಕಾರ ಕಂಡು ಹೆದರಿರಬೇಕು, ಯೋಚಿಸಿ.

ಆಮೇಲೆ ಒಂದೇ ಸಲಕ್ಕೆ ಏನೂ ಆಗಲಿಲ್ಲ. ಅವನಿಗೆ ನಲವತ್ತು ದಾಟಿದೆ, ತಂಗಿಯರ ಮದುವೆ ಮಾಡುವಷ್ಟರಲ್ಲಿ ತನ್ನ ವಯಸ್ಸು ಕಳೆದಿತ್ತು. ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಹಿಟ್ಟಿನ ಪ್ಯಾಕೆಟ್ಟು ಕೊಳ್ಳಲು ಬರುತ್ತಿದ್ದ. ಒಬ್ಬನೇ ಇರುವವನಿಗೆ ದಿನಾ ಒಂದು ಕೆ.ಜಿ. ಹಿಟ್ಟೇಕೆ ಎಂದು ಮೊದಲು ಕೇಳಿದ್ದು ಇವಳ ಮಗಳೇ.

ಈಗ ಧಾರಾವಾಹಿಗೆ ಬರುತ್ತೇನೆ. 2022ರಲ್ಲಿ ಜೀ ಕನ್ನಡದಲ್ಲಿ 'ಶ್ರೀರಸ್ತು ಶುಭಮಸ್ತು' ಶುರುವಾಯಿತಲ್ಲ, ಸುಧಾರಾಣಿ ತುಳಸಿಯಾಗಿ, ಅಜಿತ್ ಹಂದೆ ಮಾಧವನಾಗಿ. ನಡುವಯಸ್ಸಿನ ವಿಧವೆ, ಆಕೆಗೆ ಬೆಳೆದ ಮಗ, ಆಕೆಯ ಬಾಳಿಗೆ ಒಬ್ಬ ವಿಧುರ. ಅವರಿಬ್ಬರ ಮದುವೆಗೆ ಮನೆಯವರು ಅಡ್ಡಗಾಲು ಹಾಕಿದಾಗ ಅಕ್ಕ ಇದೇ ಗೋಡೆ ಬಳಿ ನಿಂತು ಕಣ್ಣೊರೆಸಿಕೊಂಡಿದ್ದಾರೆ. "ಅಕ್ಕ, ತುಳಸಿಗೆ ಕೊಟ್ಟ ಕಣ್ಣೀರಲ್ಲಿ ನಾಲ್ಕು ಹನಿ ನಮ್ಮ ಹುಡುಗಿಗೂ ಕೊಡಿ" ಎಂದೆ. ನಿಜವಾಗಿ ಬೇಡಿಯೇ ಕೇಳಿದ್ದು.

ಕನ್ನಡದ ಕಥೆಗಳಲ್ಲಿ ಈ ವಿಷಯ ಇಂದು ನಿನ್ನೆಯದಲ್ಲ. 1899ರಲ್ಲೇ ಗುಲ್ವಾಡಿ ವೆಂಕಟರಾಯರು 'ಇಂದಿರಾಬಾಯಿ'ಯಲ್ಲಿ ಬಾಲವಿಧವೆಯನ್ನು ಓದಿಸಿ, ಮತ್ತೆ ಮದುವೆ ಮಾಡಿಸಿದರು. ಎಂಥ ಎದೆಗಾರಿಕೆ! ಆದರೆ ಇಂದಿರೆಗೆ ಮಗುವಿರಲಿಲ್ಲ. 1965ರಲ್ಲಿ ಭೈರಪ್ಪನವರ 'ವಂಶವೃಕ್ಷ' ಬಂತು. ಅದರ ಕಾತ್ಯಾಯನಿ ನಂಜನಗೂಡಿನ ಶ್ರೋತ್ರಿಗಳ ಸೊಸೆ, ಗಂಡ ಹೊಳೆ ಪಾಲಾದವಳು, ಪುಟ್ಟ ಮಗನ ತಾಯಿ. ಕಾಲೇಜಿನಲ್ಲಿ ರಾಜ ಎಂಬವನ ಪ್ರೀತಿ ಸಿಕ್ಕಿತು, ಮದುವೆಯೂ ಆಯಿತು. ಮಗು ಮಾತ್ರ ಅಜ್ಜನ ಮನೆಯಲ್ಲೇ ಉಳಿಯಿತು. ಆಮೇಲೆ ಆಕೆಯ ಬಸಿರು ನಿಲ್ಲಲಿಲ್ಲ, ಕೊನೆಗೆ ಜೀವವೂ ನಿಲ್ಲಲಿಲ್ಲ. 1971ರಲ್ಲಿ ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದಾಗ ಕಾತ್ಯಾಯನಿಯಾದವರು ಎಲ್.ವಿ. ಶಾರದಾ. ನನಗೆ ಆ ಕಾದಂಬರಿಯ ಮೇಲೆ ಅಪಾರ ಗೌರವ. ಆದರೂ ಹೇಳಿಬಿಡುತ್ತೇನೆ, ನಮ್ಮ ತಲೆಮಾರಿನ ಹೆಂಗಸರ ಮನಸ್ಸಿನಲ್ಲಿ ಕಾತ್ಯಾಯನಿ ಭಯವಾಗಿ ಕೂತುಬಿಟ್ಟಳು. ಪ್ರೀತಿ ಬೇಕಾದರೆ ಮಗು ಬಿಡು, ಮಗು ಬೇಕಾದರೆ ಪ್ರೀತಿ ಬಿಡು ಎಂದು ಯಾರೂ ಬಾಯಿಬಿಟ್ಟು ಹೇಳದೆಯೇ ನಾವೆಲ್ಲ ಒಪ್ಪಿಕೊಂಡೆವು. ಅಕ್ಕನ "ಹಾಗಾದರೆ ಮಗು?" ಬಂದದ್ದು ಅಲ್ಲಿಂದಲೇ.

ಹಾಗೇನೂ ಆಗಬೇಕಿಲ್ಲ ಎನ್ನುವುದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ನಟಿ ವಿನಯಾ ಪ್ರಸಾದ್. ಪತಿ ವಿ.ಆರ್.ಕೆ. ಪ್ರಸಾದ್ 1988ರಲ್ಲಿ ತೀರಿಕೊಂಡಾಗ ಮಗಳು ಪ್ರಥಮಾ ಪುಟ್ಟ ಕೂಸು. 1990ರಲ್ಲಿ 'ಗಣೇಶನ ಮದುವೆ' ನೋಡಿ ನಾವೆಲ್ಲ ಬಿದ್ದು ಬಿದ್ದು ನಕ್ಕೆವಲ್ಲ, ಆ ನಾಯಕಿ ಮನೆಯಲ್ಲಿ ಒಂಟಿ ತಾಯಿ. 2002ರಲ್ಲಿ ಅವರು ಕಿರುತೆರೆ ನಿರ್ದೇಶಕ ಜ್ಯೋತಿಪ್ರಕಾಶ್ ಅವರನ್ನು ಮದುವೆಯಾದರು. ಮಗಳು ಮುಂದೆ ತಾನೂ ನಟಿಯಾದಳು. "ಅವರು ಸಿನಿಮಾದವರು ಬಿಡ್ರೀ" ಎಂದರು ಅಕ್ಕ. ಸಿನಿಮಾದವರಾದರೆ ಗಂಡ ಸತ್ತ ದುಃಖ ಕಡಿಮೆಯೇ, ಮಗು ಸಾಕುವ ಕಷ್ಟ ಕಡಿಮೆಯೇ?

ಅಕ್ಕನ ಎರಡನೇ ಪ್ರಶ್ನೆ ಕಾನೂನಿನದು. ಅಜ್ಜ ಅಜ್ಜಿ ಮಗು ನಮ್ಮದು ಎಂದರೆ? ಸ್ಕೂಲಿನಲ್ಲಿ ಮಗುವಿನ ಹೆಸರಿನ ಮುಂದೆ ಯಾರ ಹೆಸರು? ಇದಕ್ಕೆ ಉತ್ತರ ನಮ್ಮ ಪಕ್ಕದ ಆಂಧ್ರದ ಒಬ್ಬ ತಾಯಿ ದೆಹಲಿವರೆಗೂ ಹೋಗಿ ತಂದಿದ್ದಾರೆ. ಅಕೆಲ್ಲ ಲಲಿತಾ ಅವರ ಗಂಡ 2006ರಲ್ಲಿ ತೀರಿಕೊಂಡಾಗ ಕೂಸಿಗೆ ಎರಡೂವರೆ ತಿಂಗಳು. ಮುಂದೆ ಆಕೆ ಮದುವೆಯಾಗಿ ಮಗುವಿಗೆ ಹೊಸ ಮನೆತನದ ಹೆಸರಿಟ್ಟರು. ಮೊದಲ ಗಂಡನ ತಂದೆ ತಾಯಿ ಕೋರ್ಟಿಗೆ ಹೋದರು. ಹಳೆಯ ಹೆಸರನ್ನೇ ಇಡಬೇಕು, ದಾಖಲೆಗಳಲ್ಲಿ ಈಗಿನ ಗಂಡನನ್ನು ಮಲತಂದೆ ಎಂದು ಬರೆಸಬೇಕು ಎಂದಿತು ಹೈಕೋರ್ಟ್. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ತಂದೆ ಇಲ್ಲದ ಮಗುವಿಗೆ ತಾಯಿಯೇ ಸಹಜ ಪೋಷಕಿ, ಮಗುವಿನ ಉಪನಾಮ ನಿರ್ಧರಿಸುವ ಹಕ್ಕು ಆಕೆಯದು. ಮಲತಂದೆ ಎಂದು ಬರೆಸುವುದು ಮಗುವಿನ ಮನಸ್ಸಿನ ಮೇಲೆ ಮಾಡುವ ಕ್ರೌರ್ಯ ಎಂಬ ಅರ್ಥದಲ್ಲಿ ಹೇಳಿತು. ಅಕ್ಕನಿಗೆ ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಕಾತ್ಯಾಯನಿಗೆ ಈ ಮಾತು ಹೇಳುವವರು ಯಾರೂ ಇರಲಿಲ್ಲ.

ಆಸ್ತಿಯ ಭಯವೂ ಬಹಳ ಜನರಲ್ಲಿದೆ. ಮತ್ತೆ ಮದುವೆಯಾದರೆ ಮೊದಲ ಗಂಡನಿಂದ ಬಂದ ಪಾಲು ಬಿಟ್ಟುಕೊಡಬೇಕು ಎಂದು ಹೆದರಿಸುತ್ತಾರೆ. 1856ರ ವಿಧವಾ ಪುನರ್ವಿವಾಹ ಕಾಯ್ದೆಯಲ್ಲಿ ಹಾಗಿದ್ದದ್ದು ನಿಜ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಮೇಲೆ ಆ ಮಾತು ನಡೆಯುವುದಿಲ್ಲ; ಗಂಡ ತೀರಿದಾಗ ಬಂದ ಪಾಲು ಅವಳದೇ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಮಗುವಿನ ಪಾಲಂತೂ ಮಗುವಿನದೇ. ವಿಧವಾ ವೇತನ ಮಾತ್ರ ನಿಲ್ಲುತ್ತದೆ. ಪರಿಶಿಷ್ಟ ಜಾತಿಯ ವಿಧವೆಯರ ಮರುಮದುವೆಗೆ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನವೂ ಇದೆ, ಕೇಳಿ ಪಡೆಯುವವರು ಕಡಿಮೆ.

"ಇಷ್ಟೆಲ್ಲ ಸರಿ. ಆ ಗಂಡಸು ನಾಳೆ ಹೆಣ್ಣುಮಗುವನ್ನ ಸರಿಯಾಗಿ ನೋಡ್ಕೊಳ್ಳದಿದ್ರೆ?"

ಇದು ಬೇರೆಯ ಮಾತು. ಇದನ್ನು ನಾನು ತಳ್ಳಿಹಾಕಲಿಲ್ಲ, ಹಾಕಲೂಬಾರದು. ಹಿಟ್ಟಿನ ಹುಡುಗಿಯ ಜೊತೆ ಕೂತು ನಾನೇ ಇದನ್ನು ಬಿಡಿಸಿ ಮಾತಾಡಿದ್ದೇನೆ. ಅವಸರ ಬೇಡ ಎಂದೆ. ಅವನ ತಂಗಿಯರ ಮನೆಗೆ ಹೋಗಿ ಬಾ, ಅಂಗಡಿ ಬೀದಿಯಲ್ಲಿ ನಾಲ್ಕು ಜನರನ್ನು ಕೇಳು. ಬ್ಯಾಂಕಿನ ಖಾತೆ, ಹಿಟ್ಟಿನ ವ್ಯಾಪಾರ ನಿನ್ನ ಹೆಸರಲ್ಲೇ ಇರಲಿ, ಮಗಳ ಹೆಸರಿನ ಠೇವಣಿ ಮುಟ್ಟಬೇಡ. ಮದುವೆ ದೇವಸ್ಥಾನದಲ್ಲಾದರೂ ರಿಜಿಸ್ಟರ್ ಮಾಡಿಸು. ಎಲ್ಲಕ್ಕಿಂತ ಮೊದಲು ಮಗಳನ್ನು ಕೇಳು, ಅವಳು ಏನು ಹೇಳಿದರೂ ಗದರದೆ ಕೇಳಿಸಿಕೋ. ಅವಳು ಎಲ್ಲಕ್ಕೂ ತಲೆದೂಗಿದಳು. ಅದರಲ್ಲಿ ಮುಕ್ಕಾಲು ಪಾಲು ಆಗಲೇ ಮಾಡಿ ಮುಗಿಸಿದ್ದಳು.

ಮಾಗಡಿಯ ಅತ್ತೆ ಮಾವನಿಗೂ ತಾನೇ ಹೋಗಿ ಹೇಳಿದಳಂತೆ. ಅತ್ತೆ ಅತ್ತರು. ಮಗನನ್ನು ನೆನೆದು ಅತ್ತರೋ, ಸೊಸೆಗಾಗಿಯೋ, ಇವಳಿಗೆ ತಿಳಿಯಲಿಲ್ಲ. ಮಾವ ಕೇಳಿದ್ದು ಒಂದೇ: "ಯುಗಾದಿಗೆ ಮಗೂನ ಕಳಿಸ್ತೀಯಾ?" ಕಳಿಸುತ್ತೇನೆ ಎಂದಳು. ಈ ಸಲ ಹಬ್ಬಕ್ಕೆ ಕರೆದುಕೊಂಡು ಹೋಗಿ ಬಿಟ್ಟು ಬಂದದ್ದು ಆ ರಿಪೇರಿ ಅಂಗಡಿಯವನೇ. ಮಾವ ಅವನಿಗೂ ಎಲೆ ಹಾಕಿಸಿದರಂತೆ. ನನ್ನನ್ನು ಕೇಳಿದರೆ ಇಡೀ ಕಥೆಯಲ್ಲಿ ದೊಡ್ಡ ಮನುಷ್ಯ ಆ ಮಾವ.

ಮಗಳು ಏನಂದಳು ಎಂಬುದು ನಿಮಗೆ ಬೇಕಾಗಿರುತ್ತದೆ. ಅವನನ್ನು ಅಪ್ಪ ಎಂದು ಕರೆಯುವುದಿಲ್ಲ, ಅಂಕಲ್ ಎಂದೇ ಕರೆಯುತ್ತೇನೆ ಎಂದಿದ್ದಾಳೆ. ಅವನು ಸರಿ ಎಂದಿದ್ದಾನೆ. ಅಷ್ಟೇ.

ಓದುವವರಲ್ಲಿ ನನ್ನದೊಂದು ಕೇಳಿಕೆ. ಜಯನಗರವಿರಲಿ, ಬಿಟಿಎಂ ಇರಲಿ, ಜೆ.ಪಿ. ನಗರವಿರಲಿ, ನಿಮ್ಮ ಬೀದಿಯಲ್ಲೂ ಮಗು ಕಟ್ಟಿಕೊಂಡು ಒಂಟಿಯಾಗಿ ದುಡಿಯುವ ಒಬ್ಬಳು ಇದ್ದೇ ಇರುತ್ತಾಳೆ. ಅವಳ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಲೆಕ್ಕ ಇಡಬೇಡಿ. ಅವಳು ಮದುವೆ ಸುದ್ದಿ ಹೇಳಿದರೆ ಮಗುವಿನ ಪ್ರಶ್ನೆ ಆಮೇಲೆ ಕೇಳಿ, ಮೊದಲು ಕೈ ಹಿಡಿದು ಸಂತೋಷ ಎನ್ನಿ. ಸಾಧ್ಯವಾದರೆ ಒಂದು ಸಂಜೆ ಮಗುವನ್ನು ನಿಮ್ಮ ಮನೆಯಲ್ಲಿ ಕೂರಿಸಿಕೊಂಡು ಹೋಂವರ್ಕ್ ಮಾಡಿಸಿ, ಅವರಿಬ್ಬರನ್ನು ಲಾಲ್‌ಬಾಗಿಗೆ ಕಳಿಸಿಕೊಡಿ. ನಮ್ಮಲ್ಲಿ ಈ ಶನಿವಾರ ಆ ಕೆಲಸ ಪಕ್ಕದ ಮನೆ ಅಕ್ಕನೇ ವಹಿಸಿಕೊಂಡಿದ್ದಾರೆ.