ವಿಲೋ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳು ಇರಲೇಬೇಕೆಂದು ಹಿರಿಯರು ಕಟ್ಟು ಮಾಡಿದ್ದಾರೆ. ನರ್ಸರಿಯವರು ಗಿಡದ ಕೊರಳಿಗೆ ಕಟ್ಟುವ ಚೀಟಿಯಲ್ಲಿ ವಿಷಯ, ಪ್ರಯೋಜನ ಎರಡೇ ಇರುತ್ತವೆ, ಅದೂ ಬಣ್ಣದ ಚಿತ್ರದೊಂದಿಗೆ. ಉಳಿದೆರಡನ್ನು ತುಂಬಿಕೊಡಲೆಂದು ಈ ಪ್ರಬಂಧ.

ಮೊದಲು ಅಧಿಕಾರಿ. ನ್ಯೂಜೆರ್ಸಿಯಂಥ ಕಡೆ 30 ವರ್ಷದ ಸಾಲಕ್ಕೆ ರುಜು ಹಾಕಿ ಹಿತ್ತಲಿರುವ ಮನೆ ಕೊಂಡ ಗೃಹಸ್ಥನೇ ವಿಲೋ ನೆಡಲು ಮುಖ್ಯ ಅಧಿಕಾರಿ. ಬಾಡಿಗೆದಾರನಿಗೆ ಅರ್ಹತೆಯಿಲ್ಲ; ಬಾಲ್ಕನಿ ಮಾತ್ರ ಇರುವವನಿಗೆ ತುಳಸಿ ವಿಹಿತ. ಸಾಲಕ್ಕೂ ಮರಕ್ಕೂ ಗೂಢವಾದ ಹೊಂದಾಣಿಕೆಯೊಂದಿದೆ. ಜೋಲು ವಿಲೋ ವರ್ಷಕ್ಕೆ ಮೂರು ನಾಲ್ಕು ಅಡಿ ಏರಿ, 40 ಅಡಿ ಮುಟ್ಟಿ, ಹೆಚ್ಚುಕಡಿಮೆ ಅಷ್ಟೇ ಅಗಲ ಹರಡಿ, ಸಾಮಾನ್ಯವಾಗಿ 30 ವರ್ಷದ ಆಸುಪಾಸಿನಲ್ಲಿ ಮುಪ್ಪಾಗುತ್ತದೆ. ಮರವೂ ಪೆಡಸು, ಕೊಂಬೆ ಲಟಕ್ಕನೆ ಮುರಿಯುವ ಜಾತಿ. ಗೃಹಸ್ಥ ಕೊನೆಯ ಕಂತು ಕಟ್ಟಿ ಮನೆ ನನ್ನದಾಯಿತೆನ್ನುವ ಹೊತ್ತಿಗೆ ಅದು ಗ್ಯಾರೇಜಿನ ಮೇಲೆ ಒರಗಲು ಸಿದ್ಧವಾಗಿರುತ್ತದೆ. ಇದನ್ನು ಕಾಕತಾಳೀಯ ಎನ್ನುವವರು ಶಾಸ್ತ್ರ ಓದದವರು.

ವಿಷಯದಲ್ಲಿ ಪೂರ್ವಪಕ್ಷವೇನೆಂದರೆ, ಈ ಮರ ಬ್ಯಾಬಿಲೋನಿನದು. ಬೈಬಲಿನ ಕೀರ್ತನೆಯೊಂದರಲ್ಲಿ ಸೆರೆಯಾಳುಗಳು ಅಲ್ಲಿಯ ನದೀತೀರದ ಮರಗಳಿಗೆ ತಮ್ಮ ಕಿನ್ನರಿ ತೂಗುಹಾಕಿ ಅಳುತ್ತಾರೆ. ಅದನ್ನು ನಂಬಿ ಲಿನೇಯಸ್ 1753ರಲ್ಲಿ ಮರಕ್ಕೆ ಸ್ಯಾಲಿಕ್ಸ್ ಬ್ಯಾಬಿಲೋನಿಕಾ ಎಂದು ಅಚ್ಚು ಹಾಕಿಬಿಟ್ಟ. ಸಿದ್ಧಾಂತ ಬೇರೆ: ಕಿನ್ನರಿ ಹೊತ್ತದ್ದು ಯೂಫ್ರೆಟಿಸ್ ದಂಡೆಯ ಪಾಪ್ಲರ್ ಜಾತಿಯ ಮರ, ಈ ಜೋಲು ವಿಲೋದ ತವರು ಚೀನಾ. ಮರ ಈವರೆಗೆ ತಕರಾರು ಎತ್ತಿಲ್ಲ. ಇನ್ನೊಬ್ಬರ ಅಳುವನ್ನು ತನ್ನದೆಂದು ಒಪ್ಪಿಕೊಂಡು ಜೋತುಬಿದ್ದುಕೊಂಡೇ ಇದೆ. ಇನ್ನು ವಸಂತದಲ್ಲಿ ಬಿಳಿ, ಗುಲಾಬಿ ಚಿಗುರು ಬಿಡುವ ಜಪಾನಿನ ಹಕುರೊ ನಿಶಿಕಿ ವಿಲೋ ಆಳೆತ್ತರದ ಪೊದೆ. ಚಳಿಗಾಲದ ಕೊನೆಗೆ ಬೋಳಿಸಿದಷ್ಟೂ ಬಣ್ಣ ಏರುತ್ತದೆ. ನಿರಪಾಯಕಾರಿಯಾದ್ದರಿಂದ ಮೀಮಾಂಸೆಗೆ ಯೋಗ್ಯವಲ್ಲ.

ಸಂಬಂಧವೇ ಈ ಶಾಸ್ತ್ರದ ಹೃದಯ. ಸಂಬಂಧವೆಂದರೆ ಬೇರಿಗೂ ಚರಂಡಿ ಪೈಪಿಗೂ ಇರುವ ಸಂಬಂಧ. ಹಳೆಯ ಮನೆಗಳ ಪೈಪು ಸುಟ್ಟ ಮಣ್ಣಿನದು, ತುಂಡುತುಂಡಾಗಿ ಜೋಡಿಸಿದ್ದು. ಕೀಲುಗಳಲ್ಲಿ ತೇವ ಒಸರುತ್ತದೆ. ವಿಲೋ ಬೇರು ಆ ತೇವದ ಜಾಡು ಹಿಡಿದು ಬಂದು, ಕೂದಲೆಳೆಯಷ್ಟು ಸಂದಿಯಲ್ಲಿ ತೂರಿ, ಒಳಗಿನ ನೀರು ಗೊಬ್ಬರಗಳ ಸಮೃದ್ಧಿ ಕಂಡು ಜಡೆಗಟ್ಟಿ ಕೂರುತ್ತದೆ. ಮನೆಯವರು ಚೀನಾದ ಈ ಅತಿಥಿಗೆ ದಿನವೂ ಏನನ್ನು ಬಡಿಸುತ್ತಿದ್ದಾರೆಂಬುದನ್ನು ಬಾಯಿಬಿಟ್ಟು ಹೇಳುವುದು ಗ್ರಂಥಮರ್ಯಾದೆಯಲ್ಲ.

ಇಲ್ಲಿ ಎರಡು ಮತಗಳು. ಬೇರು ಪೈಪನ್ನು ಒಡೆಯಿತೆಂಬವರು ನಳವಾದಿಗಳು, ಇವರಲ್ಲಿ ಪ್ಲಂಬರುಗಳೇ ಹೆಚ್ಚು. ಗಟ್ಟಿ ಪೈಪಿಗೆ ಬೇರು ನುಗ್ಗದು, ಮೊದಲೇ ಬಿರಿದ ಕಡೆ ಹೊಗುತ್ತದೆಂಬವರು ವೃಕ್ಷವಾದಿಗಳು. ಪ್ರಮಾಣಬಲ ವೃಕ್ಷವಾದಿಗಳ ಕಡೆಗೇ ಇದೆ. ಆದರೆ ಬಚ್ಚಲ ನೀರು ಹಿಮ್ಮರಳಿ ಪಾದ ತೊಳೆಯುತ್ತಿರುವಾಗ ಗೃಹಸ್ಥ ಕರೆಯುವುದು ನಳವಾದಿಯನ್ನು. ಆತ ಪೈಪಿನೊಳಗೆ ಕ್ಯಾಮೆರಾ ಇಳಿಸಿ ಪ್ರತ್ಯಕ್ಷ ಪ್ರಮಾಣ ತೋರಿಸುತ್ತಾನೆ, ಯಂತ್ರದಿಂದ ಜಡೆ ಕತ್ತರಿಸುತ್ತಾನೆ, ಬಿಲ್ಲು ಕೊಡುತ್ತಾನೆ. ಬೇರು ಮತ್ತೆ ಬರುತ್ತದೆ, ಅವನೂ ಬರುತ್ತಾನೆ.

ಪರಿಹಾರವಾಗಿ ಮನೆಯಿಂದ, ಚರಂಡಿ ಪೈಪಿನಿಂದ ಕನಿಷ್ಠ 50 ಅಡಿ ದೂರ ನೆಡಬೇಕೆಂಬ ವಿಧಿಯುಂಟು. ವಿಧಿ ಸಾಧುವೇ. ಆದರೆ ಕಾಲೆಕರೆ ನಿವೇಶನವೆಂದರೆ 10,890 ಚದರಡಿ. ನಡುವೆ ಮನೆ ಕೂತಿದೆ. ದಾರ ಹಿಡಿದು ಅಳೆಯುತ್ತ ಹೋದರೆ ಶಾಸ್ತ್ರಸಮ್ಮತವಾದ ಜಾಗ ಸಿಗುವುದು ಹಿಂದಿನ ಮನೆಯವರ ಹಿತ್ತಲಲ್ಲಿ. ಅವರೂ ಇದೇ ಗ್ರಂಥ ಓದಿದ್ದರೆ ಅವರ ಮರ ನಮ್ಮಲ್ಲಿ.

ಪ್ರಯೋಜನ ನೆರಳು, ಚೆಲುವು ಎಂದು ಸಾಮಾನ್ಯರು ಹೇಳುತ್ತಾರೆ. ಎಡ್ವರ್ಡ್ ಸ್ಟೋನ್ ಎಂಬ ಇಂಗ್ಲೆಂಡಿನ ಪಾದ್ರಿ 1763ರಲ್ಲಿ ರಾಯಲ್ ಸೊಸೈಟಿಗೆ ಪತ್ರ ಬರೆದು, ವಿಲೋ ತೊಗಟೆಯ ಪುಡಿಯಿಂದ ಚಳಿಜ್ವರ ಇಳಿಯುವುದೆಂದು ತಿಳಿಸಿದ. ಅವನ ತರ್ಕ ನಮ್ಮ ತಾರ್ಕಿಕರೂ ಮೆಚ್ಚುವಂಥದು: ಜೌಗುನೆಲದಲ್ಲಿ ಜ್ವರವಿದೆ, ಜೌಗುನೆಲದಲ್ಲೇ ವಿಲೋ ಇದೆ, ರೋಗವಿರುವಲ್ಲೇ ಮದ್ದಿರಬೇಕು. ತರ್ಕ ಕುಂಟಿದರೂ ಮದ್ದು ಗುರಿ ಮುಟ್ಟಿತು. ತೊಗಟೆಯಲ್ಲಿ ಸ್ಯಾಲಿಸಿನ್ ಸಿಕ್ಕಿತು, ಆ ದಾರಿ ಮುಂದೆ ಆಸ್ಪಿರಿನ್‌ವರೆಗೆ ಹೋಯಿತು. ಪ್ಲಂಬರನ ಬಿಲ್ಲು ನೋಡಿ ತಲೆನೋವು ಬಂದವರಿಗೆ ಸ್ಟೋನನ ಸೂತ್ರ ಇಂದಿಗೂ ಅನ್ವಯಿಸುತ್ತದೆ.

ಪುನರ್ಜನ್ಮವಿಲ್ಲವೆಂದು ಸಾಧಿಸಿದ ಚಾರ್ವಾಕರು ವಿಲೋ ಕಡಿದು ನೋಡಿದವರಲ್ಲ. ಕಡಿದರೆ ಮೋಟು ಚಿಗುರುತ್ತದೆ. ಮೋಟನ್ನೂ ಕಿತ್ತು, ಮನೆಯಾಕೆಯ ಹೀರೆ ಬಳ್ಳಿಗಾಯಿತೆಂದು ಅದರ ಹಸಿ ಕೊಂಬೆಗಳನ್ನೇ ಚಪ್ಪರಕ್ಕೆ ಗೂಟ ಹೊಡೆದ ಗೃಹಸ್ಥನನ್ನು ಊಹಿಸಿ. ವಿಲೋ ಕಡ್ಡಿ ತೇವದ ಮಣ್ಣಿಗೆ ತಾಗಿದರೆ ಸಾಕು, ಕೆಲವೇ ವಾರದಲ್ಲಿ ಬೇರೊಡೆಯುತ್ತದೆ. ಹೀರೆ ಹೂ ಬಿಡುವ ಹೊತ್ತಿಗೆ ನಾಲ್ಕೂ ಗೂಟಗಳಲ್ಲಿ ಎಲೆ. ಚಪ್ಪರದಿಂದ ಪೈಪಿಗೆ ಹನ್ನೆರಡು ಅಡಿ.